ನಮ್ಮ ಮೆಕ್ಯಾನಿಕ್ ಬಿಚ್ಚಿಕೊಟ್ಟ ಬೆಲ್ಟ್

ಕಳೆದ ಶನಿವಾರ ಹಾಸನದ ಸರ್ವಿಸ್ ಸೆಂಟರಿನಲ್ಲಿ ನನ್ನ ಕಾರಿನ ಬಾನೆಟ್ ಎತ್ತಿದಾಗ ಬಿಸಿ ಎಂಜಿನ್ ಆಯಿಲಿನ ವಾಸನೆ ಬಂತು. "ಇದು ಟೈಮಿಂಗ್ ಚೈನ್ ಮೇಡಂ, ಲೈಫ್‌ಲಾಂಗ್ ಟೆನ್ಶನ್ ಇಲ್ಲ" ಎಂದ ಅಲ್ಲಿನ ಸೂಪರ್‌ವೈಸರ್. "ಆಯಿಲ್ ಟೈಮಿಗೆ ಸರಿಯಾಗಿ ಬದಲಾಯಿಸಿದರೆ" ಎಂದು ತಿದ್ದಿದೆ. ನನಗೆ ಇದನ್ನೆಲ್ಲ ಕಲಿಸಿದವರು ಸಕಲೇಶಪುರದ ನಮ್ಮ ಹಳೆಯ ಮೆಕ್ಯಾನಿಕ್...

ನಮ್ಮವರು ತೀರಿಕೊಂಡ ಮೇಲೆ ಎಸ್ಟೇಟನ್ನೂ ಸ್ಟಿಯರಿಂಗನ್ನೂ ನಾನೇ ಹಿಡಿದೆ. ಮೊದಲಿದ್ದದ್ದು ಚೈನಿನ ಕಾರು; ಎಂಜಿನ್ನಿನೊಳಗೆ ಪಿಸ್ಟನ್ನನ್ನೂ ವಾಲ್ವುಗಳನ್ನೂ ಒಂದೇ ತಾಳಕ್ಕೆ ಕುಣಿಸುವುದು ಆ ಚೈನೇ. ಚೈನ್ ಸವೆದರೆ ಬೆಳಗ್ಗೆ ಸ್ಟಾರ್ಟ್ ಮಾಡುತ್ತಲೇ ಗಲಗಲ ಅನ್ನುತ್ತಿತ್ತು, ಆಗ ಗ್ಯಾರೇಜಿಗೆ ಒಯ್ದರಾಯಿತು. ಆಮೇಲೆ ನಾನೂ ಮೈದುನನೂ ಒಂದೇ ವಾರದಲ್ಲಿ ಒಂದೇ ಥರದ ಡೀಸೆಲ್ ಕಾರು ಕೊಂಡೆವು. ಅದರೊಳಗೆ ಚೈನಿನ ಬದಲು ಇದ್ದದ್ದು ರಬ್ಬರ್ ಬೆಲ್ಟ್.

ಆರನೆಯ ವರ್ಷ ಮೆಕ್ಯಾನಿಕ್ ಅದನ್ನು ಬದಲಾಯಿಸಲೇಬೇಕೆಂದರು. ಮೂವತ್ತು ಸಾವಿರ ಕಿಲೋಮೀಟರೂ ಓಡಿಲ್ಲ, ಮಳೆಗಾಲವಿಡೀ ಕಾಫಿ ಸ್ಟೋರಿನಲ್ಲೇ ನಿಂತಿರುತ್ತದೆ ಎಂದು ವಾದಿಸಿದೆ. ನಾವು ಎಸ್ಟೇಟಿನವರೆಲ್ಲ ಹಾಗೇ, ಕಾರಿನ ವಯಸ್ಸನ್ನು ಮೀಟರಿನಲ್ಲಿ ನೋಡುವವರು.

"ನಿಂತ್ರೂ ರಬ್ಬರಿಗೆ ವಯಸ್ಸಾಯ್ತದೆ ಕಣ್ರಮ್ಮ. ಚೈನಾದ್ರೆ ಬಡ್ಕೊಂಡು ಹೇಳ್ತದೆ. ಇದು ಹೇಳ್ದೆ ಕೇಳ್ದೆ ಕಿತ್ತೋಗ್ಬುಡ್ತದೆ. ಆಮ್ಯಾಕೆ ಪಿಸ್ಟನ್ನು ವಾಲ್ವಿಗೆ ಹೊಡ್ದು ಎಂಜಿನ್ನೇ ಹೋಯ್ತದೆ."

ಒಲ್ಲದ ಮನಸ್ಸಿನಿಂದ ಒಪ್ಪಿದೆ. ಬಿಚ್ಚಿದ ಬೆಲ್ಟನ್ನು ಕೈಗೆ ಕೊಟ್ಟರು. ಅದರ ಒಂದು ಹಲ್ಲೂ ಉದುರಿರಲಿಲ್ಲ. ಅವರು ಇನ್ನೇನೋ ಹೇಳುತ್ತಿದ್ದಂತೆಯೇ ಕಾರು ಹತ್ತಿ ಬಂದುಬಿಟ್ಟೆ.

ಆ ಭಾನುವಾರ ಕ್ಲಬ್ಬಿನಲ್ಲಿ ಎಲ್ಲರೆದುರು, ಆ ಮನುಷ್ಯ ಫ್ರಾಡ್, ಚೆನ್ನಾಗಿರುವ ಬೆಲ್ಟ್ ಬಿಚ್ಚಿ ಹೊಸದು ಹಾಕಿದ್ದಾನೆ ಎಂದೆ. ನನ್ನ ಕಾನ್ವೆಂಟ್ ಇಂಗ್ಲಿಷಿಗೆ ಅಲ್ಲಿ ಬೆಲೆಯಿತ್ತು. ಮೈದುನ ನಕ್ಕ: "ಅತ್ತಿಗೆ, ಆ ಹಳೇ ಬೆಲ್ಟ್ ನಂಗ್ ಕೊಡಿ, ಪ್ಯಾಂಟಿಗಾದ್ರೂ ಆಯ್ತದೆ." ತನ್ನ ಕಾರಿನದನ್ನು ಅವನು ಬದಲಾಯಿಸಲಿಲ್ಲ. ಸುಗ್ಗಿ ಮುಗಿಯುವಷ್ಟರಲ್ಲಿ ಆ ಗ್ಯಾರೇಜಿನ ಮುಂದೆ ಎಸ್ಟೇಟ್ ಕಾರುಗಳು ನಿಲ್ಲುವುದೇ ಕಡಿಮೆಯಾಯಿತು.

ಮರುವರ್ಷ ಹೊಂಗಡಹಳ್ಳದ ಏರಿನಲ್ಲಿ ಮೈದುನನ ಕಾರು ನಿಂತಿತು. ಮುನ್ಸೂಚನೆಯಾಗಿ ಒಂದು ಸಣ್ಣ ಸದ್ದೂ ಇರಲಿಲ್ಲ. ಎಳೆದು ತಂದದ್ದು ಅದೇ ಗ್ಯಾರೇಜಿಗೆ; ನಾನೂ ಜೊತೆಗೆ ಹೋದೆ. ವಾಲ್ವುಗಳೆಲ್ಲ ಬಗ್ಗಿಹೋಗಿದ್ದವು. ಮೆಕ್ಯಾನಿಕ್ ತುಂಡಾದ ಬೆಲ್ಟನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಬಾಗಿಸಿದರು. ಕೂದಲೆಳೆಯಂಥ ಬಿರುಕುಗಳು ಸಾಲಾಗಿ ಬಾಯಿಬಿಟ್ಟವು.

"ಬಗ್ಸುದ್ರೆ ಮಾತ್ರ ಕಾಣ್ತದೆ. ನಿಮ್ದ್ರಾಗೂ ಇತ್ತು. ಅವತ್ತು ತೋರ್ಸನ ಅಂತಿದ್ದೆ, ನೀವು ಹೊಂಟೋದ್ರಿ."

"ಸಾರಿ" ಎಂದೆ. ಡೆಸ್ಕಿಗೆ ಮೊಣಕೈ ತಗುಲಿದರೂ ಅನ್ನುವಂತೆ ಕಾನ್ವೆಂಟಿನ ಸಿಸ್ಟರುಗಳು ನಾಲಗೆಗೆ ಹಚ್ಚಿದ್ದ ಮಾತು ಅದು. ತಪ್ಪಾಯ್ತು ಎನ್ನಲು ಮಾತ್ರ ಬಾಯಿ ಬರಲಿಲ್ಲ. "ಇರ್ಲಿ ಬುಡಿ ಅಮ್ಮಾವ್ರೆ" ಎಂದು ಸ್ಪ್ಯಾನರ್ ಎತ್ತಿಕೊಂಡರು. ಕ್ಲಬ್ಬಿನಲ್ಲಿ ಮೈದುನನ ಕಾರಿನ ಕಥೆಯನ್ನು ಸೊಗಸಾಗಿ ಹೇಳಿದೆ. ನಾನಾಡಿದ ಮಾತು ಸುಳ್ಳೆಂದು ಹೇಳಲಿಲ್ಲ.

ಎರಡು ವರ್ಷದಲ್ಲಿ ಅವರು ಗ್ಯಾರೇಜ್ ಮುಚ್ಚಿ ಮಗ್ಗೆ ಕಡೆ ಹೋದರು. ಅಲ್ಲೇ ತೀರಿಕೊಂಡರಂತೆ... ನನಗೆ ತಿಳಿಯುವಾಗ ತಿಂಗಳುಗಳೇ ಕಳೆದಿದ್ದವು.

ಹಾಸನದಿಂದ ಬಂದ ಮರುದಿನ ಕ್ಲಬ್ಬಿಗೆ ಹೋದೆ. ಅಂದು ನನ್ನ ಮಾತು ಕೇಳಿದ್ದವರಲ್ಲಿ ಈಗ ಉಳಿದಿರುವವರು ಇಬ್ಬರೇ. ಅವರೆದುರು ಕೂತು, ಅಚ್ಚ ಕನ್ನಡದಲ್ಲಿ, ಆ ಬೆಲ್ಟ್ ನಿಜಕ್ಕೂ ಹಾಳಾಗಿತ್ತು, ನಮ್ಮ ಮೆಕ್ಯಾನಿಕ್ ಪ್ರಾಮಾಣಿಕರು, ತಪ್ಪು ನನ್ನದು ಎಂದೆ.

ಒಬ್ಬರು ಕಾಫಿ ಕಲಕುತ್ತ ನನ್ನ ಮುಖ ನೋಡಿದರು.

"ಯಾವ ಮೆಕ್ಯಾನಿಕ್ಕೇ?"