ಅಕ್ಷರ ಕಲಿಸಿದವರ ಹೆಸರು

ಒದ್ದೆ ಸ್ಲೇಟಿಗೆ ಒಂದು ವಾಸನೆ ಇದೆ. ಕಾದ ಚಪ್ಪಡಿಯ ಮೇಲೆ ನೀರು ಚಿಮುಕಿಸಿದಾಗ ಬರುತ್ತದಲ್ಲ, ಅದಕ್ಕೆ ಹತ್ತಿರ. ಜೊತೆಗೆ ಒಂದಿಷ್ಟು ಬಳಪದ ಪುಡಿ, ಒಂದಿಷ್ಟು ಎಂಜಲು. ಒಂದನೇ ಕ್ಲಾಸಿನಲ್ಲಿ ಕೂತವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ. ಇವತ್ತು ಬೆಳಿಗ್ಗೆ ಕಾಫಿ ಲೋಟ ಹಿಡಿದು ವೆರಾಂಡಾಕ್ಕೆ ಬಂದರೆ ಆ ವಾಸನೆ ಮೂಗಿಗೆ ಬಡಿಯಿತು. ನಮ್ಮ ಮನೆಯಲ್ಲಿ ಚಿಕ್ಕ ಮಕ್ಕಳಿಲ್ಲ. ಇರುವುದು ಅರವತ್ತನಾಲ್ಕು ದಾಟಿದ ನಾನು, ನನ್ನ ತಮ್ಮ, ಅವನ ಹೆಂಡತಿ, ಅವರ ಮಗಳು ಚೈತ್ರಾ. ಸ್ಲೇಟು ಯಾರದು ಎಂದು ಕೇಳುತ್ತೀರಾ? ನನ್ನದೇ.

ಒಂದು ವರ್ಷದ ಹಿಂದೆ ನನಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಉಳಿಯಿತು. ಮಾತು ಹೋಗಿದ್ದರೆ ಮನೆಯವರಿಗಾದರೂ ಸ್ವಲ್ಪ ವಿಶ್ರಾಂತಿ ಸಿಗುತ್ತಿತ್ತು ಎಂದು ತಮ್ಮ ಇವತ್ತಿಗೂ ರೇಗಿಸುತ್ತಾನೆ. ಮೂವತ್ತು ವರ್ಷ ಕನ್ನಡ ಟೀಚರ್ ಆಗಿದ್ದವಳು ನಾನು. ಬೋರ್ಡಿನ ಮೇಲೆ ನಾನು ಬರೆದ ಸಾಲು ಗೆರೆ ಎಳೆದ ಹಾಗೆ ನೇರವಾಗಿರುತ್ತಿತ್ತು. ಆ ಜಂಬಕ್ಕೆ ತಕ್ಕ ಶಾಸ್ತಿಯಾಯಿತು ಎಂದು ಆಸ್ಪತ್ರೆಯಲ್ಲೇ ಅಂದುಕೊಂಡೆ. ಮನೆಗೆ ಬಂದ ಮೇಲೆ ಪೆನ್ನು ಹಿಡಿಯಲಾಗದೆ ಎರಡು ಸಲ ಗೋಡೆಗೆ ಎಸೆದೆ. ಅದನ್ನು ನೋಡಿದ ಚೈತ್ರಾ ಕೆ.ಆರ್. ಪುರಂ ಮಾರ್ಕೆಟ್ಟಿನಿಂದ ಒಂದು ಸ್ಲೇಟು, ಒಂದು ಡಬ್ಬಿ ಬಳಪ ತಂದು ನನ್ನ ಎಡಗಡೆಗೆ ಇಟ್ಟಳು.

ಎಡಗೈಯಲ್ಲಿ ಬರೆಯಲೇಬೇಕಾದ ಕಾರಣ ಒಂದಿತ್ತು. ಅದು ತಿಳಿಯಬೇಕಾದರೆ ನಮ್ಮ ಮನೆಯ ಒಂದು ಪದ್ಧತಿಯನ್ನು ನಿಮಗೆ ಹೇಳಬೇಕು.

ನಮ್ಮೂರು ಟಿನ್ ಫ್ಯಾಕ್ಟರಿಗೂ ಮಾರತ್ತಹಳ್ಳಿಗೂ ನಡುವೆ ಇತ್ತು. ಈಗ ಅದರ ಹೆಸರು ಬಸ್ ಸ್ಟಾಪಿನ ಬೋರ್ಡಿನಲ್ಲಿದೆ, ಹೊಲ ರಿಂಗ್ ರೋಡಿನ ಕೆಳಗಿದೆ. ಬೇರೆ ಮನೆಗಳಲ್ಲಿ ಲಗ್ನಪತ್ರಿಕೆಯನ್ನು ಪುರೋಹಿತರು ಬರೆಯುತ್ತಾರೆ. ನಮ್ಮಲ್ಲಿ ಪುರೋಹಿತರು ಮುಹೂರ್ತ ಹೇಳುತ್ತಾರೆ ಅಷ್ಟೇ. ಬರೆಯುವುದು ಮನೆಯವರು, ಎಲ್ಲರ ಎದುರಿಗೆ ಕೂತು, ಶಾಯಿಯಲ್ಲಿ. ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ಹಿರಿಯರೊಬ್ಬರು ಗಟ್ಟಿಯಾಗಿ ಓದಬೇಕು. ಕೊನೆಯಲ್ಲಿ ಎರಡು ಸಾಲು ಇರಲೇಬೇಕು: ಬರೆದವರ ಹೆಸರು, ಅದರ ಕೆಳಗೆ ಅವರಿಗೆ ಅಕ್ಷರ ಕಲಿಸಿದವರ ಹೆಸರು. ಈ ಎರಡನೆಯ ಸಾಲನ್ನು ಯಾರು ಶುರುಮಾಡಿದರೋ ಗೊತ್ತಿಲ್ಲ. ಬೇರೆ ಯಾರ ಮನೆಯಲ್ಲೂ ನಾನು ಇದನ್ನು ಕಂಡಿಲ್ಲ.

ತಾತ ಬರೆದ ಒಂದು ಪತ್ರಿಕೆ ನಮ್ಮ ಕಬ್ಬಿಣದ ಪೆಟ್ಟಿಗೆಯಲ್ಲಿದೆ. ಅಕ್ಷರ ಕಲಿಸಿದವರು ಎಂಬಲ್ಲಿ ‘ಮಠದ ಐಗಳು ರುದ್ರಯ್ಯನವರು’ ಎಂದಿದೆ. ತಾತ ಕಲಿತದ್ದು ಕೂಲಿಮಠದಲ್ಲಿ. ನೆಲದ ಮೇಲೆ ಮರಳು ಹರಡಿ, ಬೆರಳಿನಿಂದ ಅಕ್ಷರ ತಿದ್ದಿ, ಬಾಯಲ್ಲಿ ಕೂಗಿ ಕಲಿಯಬೇಕಾಗಿತ್ತಂತೆ. ತಪ್ಪಿದರೆ ಐಗಳು ತೊಲೆಗೆ ಕಟ್ಟಿದ ಹಗ್ಗಕ್ಕೆ ಜೋತು ಬೀಳಿಸುತ್ತಿದ್ದರಂತೆ. ಅಷ್ಟಾದರೂ ತಾತ ಆ ಹೆಸರನ್ನು ಬರೆಯುವಾಗ ಎರಡೂ ಕೈ ಜೋಡಿಸಿಯೇ ಪೆನ್ನು ಎತ್ತುತ್ತಿದ್ದರು ಎಂದು ಅಪ್ಪ ಹೇಳುತ್ತಿದ್ದರು.

ಅಪ್ಪನ ಕಾಲಕ್ಕೆ ಮರಳು ಹೋಗಿ ಸ್ಲೇಟು ಬಂತು, ಆಮೇಲೆ ಅದ್ದಿ ಬರೆಯುವ ಲೇಖನಿ ಬಂತು. ಅಪ್ಪ ಓದಿ ಕಾರ್ಖಾನೆಗೆ ಸೇರಿದರು. ಸಂಜೆ ಪಾಳಿ ಮುಗಿಸಿ ಬಂದು, ಮೊಳಕೈವರೆಗೆ ಸೋಪು ಹಚ್ಚಿ ಗ್ರೀಸು ತೊಳೆದುಕೊಂಡ ಮೇಲೆ ನನ್ನ ಕಾಪಿ ಪುಸ್ತಕ ಕೇಳುತ್ತಿದ್ದರು. ದಿನಕ್ಕೊಂದು ಪುಟ. ಜ್ವರ ಬಂದರೆ ಅರ್ಧ ಪುಟ. ಅವರ ಕಣ್ಣು ಮಂಜಾದ ವರ್ಷ ಚಿಕ್ಕಪ್ಪನ ಮಗಳ ಮದುವೆ ಬಂತು. ಪತ್ರಿಕೆ ನೀನು ಬರೆ ಎಂದು ಅಪ್ಪ ನನ್ನ ಕೈಗೆ ಪೆನ್ನು ಕೊಟ್ಟರು. ಹೆಣ್ಣುಮಕ್ಕಳು ಬರೆಯುವುದುಂಟೇ ಎಂದು ತಕರಾರು ತೆಗೆದವರು ಸ್ವತಃ ಚಿಕ್ಕಪ್ಪ. ಅಪ್ಪ ಸೊಪ್ಪು ಹಾಕಲಿಲ್ಲ. ನಾನು ಬರೆದೆ, ಕೊನೆಯ ಸಾಲಿನಲ್ಲಿ ಅಪ್ಪನ ಹೆಸರು ಹಾಕಿದೆ. ಆ ಕೆಲಸ ಅಲ್ಲಿಂದ ನನ್ನದಾಯಿತು.

ಈಗ ಚೈತ್ರಾಳ ಮದುವೆ ಗೊತ್ತಾಗಿತ್ತು.

ಚೈತ್ರಾ ಇಂದಿರಾನಗರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ಕನ್ನಡ ಚೆನ್ನಾಗಿಯೇ ಆಡುತ್ತಾಳೆ, ಜಗಳವಾಡುವಾಗಂತೂ ಇನ್ನೂ ಚೆನ್ನಾಗಿ. ಬರೆಯುವುದಿಲ್ಲ. ಫೋನು ಬಾಯಿಯ ಹತ್ತಿರ ಹಿಡಿದು ಮಾತಾಡುತ್ತಾಳೆ, ಅಕ್ಷರ ತಾನಾಗಿ ಬೀಳುತ್ತದೆ. ಅವಳನ್ನು ಬೈಯುವುದು ಸುಲಭ, ಬೈದೂ ಇದ್ದೇನೆ. ಆದರೆ ನಿಮ್ಮ ಹತ್ತಿರ ಸುಳ್ಳೇಕೆ? ನನ್ನ ಕೆಲಸದ ಕೊನೆಯ ಹತ್ತು ವರ್ಷ ನಾನು ಮಕ್ಕಳಿಂದ ಬಿಟ್ಟ ಸ್ಥಳ ತುಂಬಿಸಿದೆ, ಸರಿಯಾದ ಉತ್ತರಕ್ಕೆ ಗೆರೆ ಎಳೆಸಿದೆ, ಗೈಡಿನಲ್ಲಿದ್ದ ಪ್ರಬಂಧ ಬಾಯಿಪಾಠ ಮಾಡಿಸಿದೆ. ಕಾಪಿ ಪುಸ್ತಕ ನಿಂತದ್ದು ನನ್ನ ಕಣ್ಣೆದುರಿಗೇ. ನಾನು ಕೈ ಎತ್ತಿ ಬೇಡ ಎನ್ನಲಿಲ್ಲ.

ಪತ್ರಿಕೆಯ ಮಾತು ಬಂದಾಗ ಚೈತ್ರಾ, ‘ನೀವು ಹೇಳ್ತಾ ಹೋಗಿ ಅತ್ತೆ, ಫೋನ್ ಬರ್ಕೊಳ್ಳತ್ತೆ, ಪ್ರಿಂಟ್ ತೆಗ್ಸೋಣ’ ಎಂದಳು. ನಾನು ಎಡಗೈಯಲ್ಲಿ ಬರೆಯುತ್ತೇನೆ ಎಂದೆ. ಮದುವೆಯ ಮಾತಿಗೆಂದು ಬಂದಿದ್ದ ಚಿಕ್ಕಪ್ಪ ಗೋಡೆಗೆ ಒರಗಿ ಕೂತಿದ್ದರು. ಎಂಬತ್ತಾರು ವರ್ಷ, ಕಿವಿ ಚುರುಕು.

‘ಶುಭಕಾರ್ಯದ ಕಾಗದ ಎಡಗೈಲಿ ಬರೀತಾರೇನಮ್ಮಾ?’ ಎಂದರು.

ಸಿಟ್ಟು ಬಂತು. ಮರುಕ್ಷಣ ಆ ಸಿಟ್ಟು ಇಳಿದುಹೋಯಿತು. ಯಾಕೆಂದರೆ ಅದೇ ಮಾತನ್ನು, ಹೆಚ್ಚುಕಡಿಮೆ ಅದೇ ದನಿಯಲ್ಲಿ, ನಾನೂ ಒಮ್ಮೆ ಆಡಿದ್ದೆ. ಹತ್ತು ವರ್ಷದ ಒಂದು ಹುಡುಗಿಗೆ.

ಆಗ ನನಗೆ ಮರ್ಫಿ ಟೌನಿನ ಒಂದು ಶಾಲೆಯಲ್ಲಿ ಕೆಲಸ. ಕ್ಲಾಸಿನಲ್ಲಿ ತಮಿಳಿನ ಮಕ್ಕಳು, ಉರ್ದುವಿನ ಮಕ್ಕಳು, ತೆಲುಗಿನ ಮಕ್ಕಳು. ಮನೆಯಲ್ಲಿ ಕನ್ನಡವಿದ್ದವರು ಬೆರಳೆಣಿಕೆ. ಇವರಿಗೆಲ್ಲ ಕನ್ನಡ ಬರೆಸಿಯೇ ಸಿದ್ಧ ಎಂದು ನಾನು ಸೆರಗು ಸಿಕ್ಕಿಸಿ ನಿಂತಿದ್ದೆ. ಅಮುದಾ ಎರಡನೇ ಸಾಲಿನಲ್ಲಿ ಕೂರುತ್ತಿದ್ದಳು. ಮನೆಯಲ್ಲಿ ತಮಿಳು, ಕೈ ಎಡಗೈ. ನಾನು ಹೊಡೆಯುವ ಟೀಚರ್ ಆಗಿರಲಿಲ್ಲ, ಅದೂ ನನ್ನ ಇನ್ನೊಂದು ಜಂಬ. ಹೊಡೆಯುವ ಬದಲು ಒಂದು ಉಪಾಯ ಮಾಡಿದೆ. ಉಕ್ತಲೇಖನದ ಹೊತ್ತಿಗೆ ಅವಳ ಎಡಗೈಗೆ ಡಸ್ಟರ್ ಕೊಟ್ಟು ಬಿಗಿಯಾಗಿ ಹಿಡಿದುಕೊ ಎನ್ನುತ್ತಿದ್ದೆ. ಆ ಕೈಗೆ ಕೆಲಸ ಕೊಟ್ಟರೆ ಬಲಗೈ ತಾನಾಗಿ ಬರೆಯುತ್ತದೆ ಎಂಬುದು ನನ್ನ ಲೆಕ್ಕಾಚಾರ. ‘ಈ ಕೈಗೆ ಬರಲ್ಲ ಟೀಚರ್, ಆ ಕೈಗೇ ಬರೋದು’ ಎಂದು ಅವಳು ಒಂದು ಸಲ ಹೇಳಿದಳು. ಒಳ್ಳೆಯ ಅಕ್ಷರವನ್ನು ಯಾರಾದರೂ ಎಡಗೈಲಿ ಬರೆಯುತ್ತಾರಾ ಎಂದು ಕೇಳಿ ಕೂರಿಸಿದೆ.

ಅವಳ ಕ್ಲಾಸಿನ ಬರಹ ಸೊಟ್ಟ, ಸಾಲು ಬಿಟ್ಟು ಓಡುತ್ತಿತ್ತು. ಹೋಮ್‌ವರ್ಕ್ ಮಾತ್ರ ಮುತ್ತಿನ ಹಾಗೆ. ಎರಡೂ ಒಂದೇ ಹುಡುಗಿಯದಾಗಲು ಸಾಧ್ಯವೇ ಇಲ್ಲ ಎಂದುಕೊಂಡೆ. ಎಡಗೈಯಲ್ಲಿ ಅಷ್ಟು ಚೆಂದ ಬರೆಯಬಹುದು ಎನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ ನೋಡಿ. ಕೆಂಪು ಶಾಯಿಯಲ್ಲಿ ‘ಬೇರೆಯವರ ಕೈಯಲ್ಲಿ ಬರೆಸಬೇಡ’ ಎಂದು ಬರೆದು, ಅಪ್ಪನ ಸಹಿ ಮಾಡಿಸಿಕೊಂಡು ಬಾ ಎಂದು ಕಳಿಸಿದೆ. ಮಾರನೆಯ ದಿನ ಸಹಿ ಬಂತು. ಅಂದಿನಿಂದ ಹೋಮ್‌ವರ್ಕೂ ಸೊಟ್ಟಗಾಯಿತು. ನಾನು ಅದರ ಕೆಳಗೆ ‘ಗುಡ್’ ಎಂದು ಬರೆದೆ.

ಎಷ್ಟೋ ವರ್ಷಗಳ ಮೇಲೆ ಹಲಸೂರಿನ ಬಜಾರ್ ಬೀದಿಯಲ್ಲಿ ಹೂವಿನ ಅಂಗಡಿಯೊಂದರ ಮುಂದೆ ಕಾಲು ನಿಂತಿತು. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ‘ಮದುವೆ ಹಾರಗಳನ್ನು ಹೇಳಿದಂತೆ ಕಟ್ಟಿಕೊಡುತ್ತೇವೆ’ ಎಂದಿತ್ತು. ಆ ಹೋಮ್‌ವರ್ಕಿನ ಅಕ್ಷರ. ಒಳಗೆ ಅಮುದಾ ಕೂತು ಎಡಗೈಯಲ್ಲಿ ಇನ್ನೊಂದು ಹಲಗೆ ಬರೆಯುತ್ತಿದ್ದಳು. ನಾನು ಮಾತಾಡಿಸಲಿಲ್ಲ. ತಲೆ ಮೇಲೆ ಸೆರಗು ಎಳೆದುಕೊಂಡು ಬೀದಿಯ ಆಚೆ ಬದಿಯಿಂದ ನಡೆದುಬಿಟ್ಟೆ. ಹೇಡಿತನ, ಬೇರೆ ಹೆಸರಿಲ್ಲ ಅದಕ್ಕೆ.

ಚಿಕ್ಕಪ್ಪ ಹಾಗೆಂದ ಮರುದಿನದಿಂದಲೇ ನಾನು ಸ್ಲೇಟು ಹಿಡಿದು ಕೂತೆ. ಆರು ವಾರದಲ್ಲಿ ಅಕ್ಷರ ಒಂದು ಹದಕ್ಕೆ ಬಂತು. ಕಾಗದಕ್ಕೆ ಬಂದಾಗ ಹೊಸ ತೊಂದರೆ ಶುರುವಾಯಿತು. ಎಡಗೈ ಬರೆಯುತ್ತ ಹೋದಂತೆ ಬರೆದದ್ದರ ಮೇಲೆಯೇ ಸವರಿಕೊಂಡು ಹೋಗುತ್ತದೆ. ಶಾಯಿ ಆರಿರುವುದಿಲ್ಲ. ಸಾಲು ಮುಗಿಯುವ ಹೊತ್ತಿಗೆ ಕಾಗದವೂ ನೀಲಿ, ಅಂಗೈಯೂ ನೀಲಿ. ಹನ್ನೊಂದು ಹಾಳೆ ಹಾಳು ಮಾಡಿದೆ. ಬಾಲ್ ಪೆನ್ನಲ್ಲಿ ಬರೆಯಿರಿ ಎಂದು ಚೈತ್ರಾ ಹೇಳಿ ನೋಡಿದಳು. ನಮ್ಮ ಮನೆಯ ಪತ್ರಿಕೆ ಶಾಯಿಯದೇ ಆಗಬೇಕು ಎಂದೆ. ನನ್ನ ಹಟ ಅವಳಿಗೆ ಗೊತ್ತಿತ್ತು.

ಇದಕ್ಕೆ ದಾರಿ ಗೊತ್ತಿದ್ದವರು ನನ್ನ ಪರಿಚಯದಲ್ಲಿ ಒಬ್ಬರೇ. ಎರಡು ದಿನ ಹೋಗಲೋ ಬೇಡವೋ ಎಂದು ತೂಗಿದೆ. ಮೂರನೆಯ ದಿನ ಚೈತ್ರಾಳಿಗೆ ಎಲ್ಲವನ್ನೂ ಹೇಳಿದೆ, ಕೆಂಪು ಶಾಯಿ ಸಮೇತ. ಅವಳು ರಜ ಹಾಕಿದಳು. ಇಬ್ಬರೂ ಮೆಟ್ರೋ ಹತ್ತಿ ಹಲಸೂರಿನಲ್ಲಿ ಇಳಿದೆವು.

ಅಂಗಡಿ ಅಲ್ಲೇ ಇತ್ತು, ಸ್ವಲ್ಪ ದೊಡ್ಡದಾಗಿತ್ತು. ಅಮುದಾಳ ಕಿವಿಯ ಪಕ್ಕ ಕೂದಲು ನರೆತಿತ್ತು. ನನ್ನನ್ನು ನೋಡಿದ ತಕ್ಷಣ ಗುರುತು ಹಿಡಿದಳು, ವಾಂಗ ಟೀಚರ್, ಬನ್ನಿ ಎಂದು ಸ್ಟೂಲು ಒರೆಸಿ ಹಾಕಿದಳು. ನನ್ನ ಜೋತುಬಿದ್ದ ಬಲಗೈಯನ್ನೂ ನೋಡಿದಳು. ನಾನು ಕೂರಲಿಲ್ಲ. ನಿಂತೇ ಹೇಳಬೇಕಾದ ಮಾತು ಅದು.

‘ಅಮುದಾ, ಆ ಹೋಮ್‌ವರ್ಕು ನೀನೇ ಬರ್ದಿದ್ದು. ನಾನು ತಪ್ಪು ಮಾಡ್ದೆ. ನಿನ್ನ ಅಂಗಡಿ ಬೋರ್ಡ್ ನೋಡ್ದಾಗ್ಲೇ ಗೊತ್ತಾಯ್ತು, ಆದ್ರೂ ಬಂದು ಹೇಳ್ಲಿಲ್ಲ.’

ಅವಳು ಕಟ್ಟುತ್ತಿದ್ದ ಮಾಲೆಗೆ ಇನ್ನೂ ನಾಲ್ಕು ಹೂವು ಸೇರಿಸಿದಳು. ‘ಅವತ್ತು ಅಪ್ಪ ನಂಗೆ ಹೊಡೆದ್ರು ಟೀಚರ್, ಯಾರ ಕೈಲಿ ಬರೆಸ್ದೆ ಅಂತ. ಮನೇಲಿ ನಾನ್ ಬರ್ಯೋದು ಅವ್ರೂ ನೋಡಿರ್ಲಿಲ್ಲ. ಎಡಗೈ ಕಾಣ್ಬಾರ್ದು ಅಂತ ಬಾಗ್ಲು ಹಾಕ್ಕೊಂಡು ಬರೀತಿದ್ನಲ್ಲ.’

ನನಗೆ ಅಳು ಬಂತು. ಅತ್ತುಬಿಟ್ಟೆ. ಅವಳು ನನ್ನನ್ನು ಸಮಾಧಾನ ಮಾಡಲೂ ಇಲ್ಲ, ಹೋಗಿ ಎಂದೂ ಹೇಳಲಿಲ್ಲ. ಚೈತ್ರಾ ನನ್ನ ಚೀಲದಿಂದ ಮಸಿಯಾದ ಹಾಳೆಗಳನ್ನು ತೆಗೆದು ಅವಳ ಮುಂದೆ ಇಟ್ಟಳು, ಲಗ್ನಪತ್ರಿಕೆಯ ವಿಷಯ ಹೇಳಿದಳು. ಅಮುದಾ ಒಂದೊಂದೇ ಹಾಳೆ ತಿರುವಿ ನೋಡಿದಳು. ಆಮೇಲೆ ಕೈ ಒರೆಸಿಕೊಂಡು ನನ್ನ ಪಕ್ಕಕ್ಕೆ ಬಂದಳು.

‘ಕೂತ್ಕೊಳ್ಳಿ. ಕಾಗ್ದ ನೇರ ಇಟ್ರೆ ಆಗಲ್ಲ ಟೀಚರ್. ಹಿಂಗೆ ಬಲಕ್ಕೆ ವಾಲಿಸ್ಕೊಳ್ಳಿ. ಕೈ ಸಾಲಿನ ಕೆಳಗೆ ಇರ್ಲಿ, ಸಾಲಿನ ಮೇಲೆ ಬೇಡ.’

ಅಷ್ಟೇ ಗುಟ್ಟು. ಕೇಳಲು ಅಷ್ಟೇ, ಮಾಡಲು ನನಗೆ ನಾಲ್ಕು ಮಧ್ಯಾಹ್ನ ಬೇಕಾಯಿತು. ನಾಲ್ಕೂ ದಿನ ಹಲಸೂರಿಗೆ ಹೋದೆ. ಅಂಗಡಿಯ ಹಿಂದಿನ ಮೇಜಿನ ಮೇಲೆ ಬರೆದೆ, ಗಿರಾಕಿಗಳ ನಡುವೆ ಅವಳು ಬಂದು ನೋಡಿದಳು. ಮೊಣಕೈ ಒಳಗೆ ಎಳ್ಕೊಳ್ಳಿ ಎನ್ನುತ್ತಿದ್ದಳು, ಅವಸರ ಯಾಕೆ ಎನ್ನುತ್ತಿದ್ದಳು. ಒಂದು ಸಲವೂ ಗುಡ್ ಎನ್ನಲಿಲ್ಲ. ಮೂರನೆಯ ದಿನ ನನಗೆ ಸಣ್ಣದಾಗಿ ಬೇಜಾರೂ ಆಯಿತು. ನಾಲ್ಕನೆಯ ದಿನ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ಇನ್ನು ಮನೇಲಿ ಬರೀಬಹುದು ಎಂದಳು. ಮೂವತ್ತು ವರ್ಷದ ಸರ್ವಿಸಿನಲ್ಲಿ ನನಗೆ ಸಿಕ್ಕ ಯಾವ ಹೊಗಳಿಕೆಯೂ ಅಷ್ಟು ಖುಷಿ ಕೊಟ್ಟಿರಲಿಲ್ಲ.

ಹೋದ ಭಾನುವಾರ ನಿಶ್ಚಿತಾರ್ಥ. ನಡುಮನೆಯ ತುಂಬ ಗಂಡಿನ ಕಡೆಯವರು. ಪುರೋಹಿತರು ಮುಹೂರ್ತ ಹೇಳಿ ಮುಗಿಸಿದರು. ಚಿಕ್ಕಪ್ಪ ನನ್ನನ್ನೇ ನೋಡುತ್ತಿದ್ದರು. ನಾನು ಮಣೆಯ ಮುಂದೆ ಕೂತು, ಕಾಗದವನ್ನು ಬಲಕ್ಕೆ ವಾಲಿಸಿ, ನನ್ನ ಬಲಗೈಯನ್ನು ಎತ್ತಿ ಕಾಗದದ ಮೇಲಿನ ಅಂಚಿಗೆ ಇಟ್ಟೆ. ಬೆರಳು ಆಡದಿದ್ದರೂ ಭಾರ ಇದೆ, ಕಾಗದ ಅಲ್ಲಾಡದ ಹಾಗೆ ಒತ್ತಿಕೊಂಡಿತು.

‘ಎರಡೂ ಕೈ ಇದಾವೆ ಚಿಕ್ಕಪ್ಪ. ಬಲಗೈ ಹಿಡ್ಕೊಳ್ಳತ್ತೆ, ಎಡಗೈ ಬರ್ಯತ್ತೆ. ಬೇಡ ಅನ್ನೋದಾದ್ರೆ ಈಗ್ಲೇ ಹೇಳ್ಬಿಡಿ, ಆದ್ರೂ ನಾನು ಬರ್ಯೋಳೇ.’

ಯಾರೋ ನಕ್ಕರು. ಚಿಕ್ಕಪ್ಪ ನಗಲಿಲ್ಲ. ಸ್ವಲ್ಪ ಹೊತ್ತು ನನ್ನ ಬಲಗೈಯನ್ನು ನೋಡಿದರು, ಆಮೇಲೆ ಸರಿ ಬರಿಯಮ್ಮ ಎಂದರು. ಬರೆದೆ. ಅರ್ಧ ಗಂಟೆ ಹಿಡಿಯಿತು. ಮೊದಲು ಹತ್ತು ನಿಮಿಷದ ಕೆಲಸವಾಗಿತ್ತು ಅದು. ಎಲ್ಲರೂ ಕಾದರು. ಎಲ್ಲೂ ಮಸಿಯಾಗಲಿಲ್ಲ.

ಅರಿಶಿನ ಹಚ್ಚಿದ ಮೇಲೆ ಪತ್ರಿಕೆ ಓದಬೇಕಾದವರು ಚಿಕ್ಕಪ್ಪನೇ. ಕನ್ನಡಕ ಸರಿಮಾಡಿಕೊಂಡು ಗಂಡಿನ ಹೆಸರು, ಹೆಣ್ಣಿನ ಹೆಸರು, ತಿಥಿ, ಮುಹೂರ್ತ ಎಲ್ಲವನ್ನೂ ಗಟ್ಟಿ ದನಿಯಲ್ಲಿ ಓದಿದರು. ಬರೆದವರು ಎಂಬಲ್ಲಿ ನನ್ನ ಹೆಸರು ಓದಿದರು. ಕೊನೆಯ ಸಾಲಿಗೆ ಬಂದು ನಿಂತರು. ಅಲ್ಲಿ ತಮ್ಮ ಅಣ್ಣನ ಹೆಸರು ಇರುತ್ತದೆ ಎಂದುಕೊಂಡಿದ್ದರು. ಹಾಳೆಯನ್ನು ಕಣ್ಣಿನ ಹತ್ತಿರ ತಂದು ಓದಿದರು.

‘ಅಕ್ಷರ ಕಲಿಸಿದವರು, ಅಮುದಾ, ಹಲಸೂರು.’ ತಲೆ ಎತ್ತಿ ಕೇಳಿದರು: ‘ಇವ್ರು ಯಾರಮ್ಮಾ?’

ಬಾಗಿಲ ಹತ್ತಿರ, ಚೈತ್ರಾಳಿಗೆ ಹಾರ ತಂದ ಬುಟ್ಟಿಯನ್ನು ಇನ್ನೂ ಕೆಳಗಿಡದೆ, ಅಮುದಾ ನಿಂತಿದ್ದಳು.

‘ನಮ್ ಟೀಚರ್ರು ಚಿಕ್ಕಪ್ಪ’ ಎಂದೆ.

ಅಪ್ಪ ಬದುಕಿದ್ದರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಬಲಗೈಯ ಅಕ್ಷರ ಅವರದು, ಅದರ ಮಾತು ಬೇರೆ.

ಇವತ್ತು ಬೆಳಿಗ್ಗೆ ವೆರಾಂಡಾದಲ್ಲಿ ಸ್ಲೇಟು ಒರೆಸುತ್ತ ಕೂತಿದ್ದವಳು ಚೈತ್ರಾ. ಮುಂದಿನ ಪತ್ರಿಕೆ ನಮ್ಮಲ್ಲಿ ಯಾರದಾಗುತ್ತದೋ, ಅದನ್ನು ತಾನು ಬರೆಯಬೇಕಂತೆ. ಮದುವೆಗೆ ಇನ್ನೂ ಎರಡು ತಿಂಗಳಿದೆ, ಅಷ್ಟರೊಳಗೆ ಕಲಿಸಿ ಅತ್ತೆ ಎಂದಳು. ದಿನಕ್ಕೊಂದು ಪುಟ, ಜ್ವರ ಬಂದರೆ ಅರ್ಧ ಪುಟ ಎಂದೆ. ಒಪ್ಪಿದಳು. ಬಳಪದ ಡಬ್ಬಿಯನ್ನು ಅವಳ ಬಲಕ್ಕೂ ಇಡಲಿಲ್ಲ, ಎಡಕ್ಕೂ ಇಡಲಿಲ್ಲ. ಸ್ಲೇಟಿನ ನಡುವೆ ಇಟ್ಟು, ಅವಳು ತೆಗೆದುಕೊಳ್ಳಲಿ ಎಂದು ಕಾದು ಕೂತೆ.