ಹಿಂದೆ ಉಳಿದ ಸಾಮಾನು

ಶಿರಸಿಯ ಸಂತೆಯಲ್ಲಿ ಮೊನ್ನೆ ಅನಾನಸಿನ ರಾಶಿಯೊಂದರ ಮುಂದೆ ನಿಂತಿದ್ದೆ. ಅನಾನಸಿನ ವಾಸನೆಗೆ ಬೇರೆಯವರ ಬಾಯಲ್ಲಿ ನೀರೂರುತ್ತದೆ. ನನಗೆ ಮಾತ್ರ ಬೆನ್ನಿನ ಕೆಳಗೆ, ನಾಲ್ಕು ಜನರ ಮುಂದೆ ಹೇಳಬಾರದ ಜಾಗದಲ್ಲಿ, ಚುಚ್ಚಿದಂತಾಗುತ್ತದೆ. ಹಣ್ಣು ಮಾರುವಾಕೆ ಬನವಾಸಿ ಕಡೆಯವಳು. ಒಂದು ಹಣ್ಣನ್ನು ಅಂಗೈಯಲ್ಲಿ ತೂಗಿ ನೋಡುತ್ತ, "ಒಬ್ರೇ ಬಂದೀರೇನ್ರಿ?" ಎಂದು ಕೇಳಿದಳು. ಉತ್ತರ ನಾಲಿಗೆಯ ತುದಿಗೆ ಬಂದೂ ಆಗಿತ್ತು. ಅಲ್ಲೇ ನುಂಗಿಕೊಂಡೆ. ಯಾಕೆ ಎಂದು ತಿಳಿಸಬೇಕಾದರೆ ನಿಮ್ಮನ್ನು ಸೈಕಲ್ಲಿನ ಮೇಲೆ ಸ್ವಲ್ಪ ದೂರ ಕರೆದೊಯ್ಯಬೇಕಾಗುತ್ತದೆ. ಹೆದರಬೇಡಿ, ದಾರಿ ಸಪಾಟಾಗಿದೆ.

ಸಪಾಟು ಎಂಬುದು ನಮ್ಮ ಕಡೆ ಅಷ್ಟು ಸುಲಭಕ್ಕೆ ಸಿಗುವ ವಸ್ತುವಲ್ಲ. ನಿವೃತ್ತನಾದ ವರ್ಷ ನಾನೊಂದು ಗೇರಿನ ಸೈಕಲ್ಲು ಕೊಂಡೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವ ಹಾಗೆ ಅದರ ಜೊತೆಗೆ ಹೆಲ್ಮೆಟ್ಟು, ಕೈಗವಸು, ಕೂರುವಲ್ಲಿ ಮೆತ್ತೆ ಇಟ್ಟು ಹೊಲಿದ ಚಡ್ಡಿ. ಯಲ್ಲಾಪುರದ ರಸ್ತೆಯಲ್ಲಿ ತುಳಿದದ್ದಕ್ಕಿಂತ ತಳ್ಳಿದ್ದೇ ಹೆಚ್ಚು. ಸೋಂದಾ ಕಡೆ ಹೋದರೂ ಅದೇ ಕಥೆ. ಆರಕ್ಕೇರದ ಮೂರಕ್ಕಿಳಿಯದ ಮನುಷ್ಯನಿಗೆ ಅಷ್ಟೊಂದು ಗೇರು ಯಾಕೆ ಬೇಕಿತ್ತೋ. ಏರಿನಲ್ಲಿ ತಳ್ಳಿಕೊಂಡು ಬರುವಾಗ ಎದುರಾದವರೆಲ್ಲ ನಿಂತು, ಗಾಳಿ ಹೋಯಿತೇ ಎಂದು ಕೇಳುತ್ತಿದ್ದರು. ಹೋದದ್ದು ನನ್ನದು ಎಂದು ಹೇಳಲಾದೀತೇ? ಹೌದು, ಪಂಕ್ಚರ್ರು ಎನ್ನುತ್ತಿದ್ದೆ. ಕೊನೆಗೆ ಯಾರೋ, ಬನವಾಸಿಯ ಆಚೆ ವರದಾ ಹೊಳೆಗುಂಟ ಒಂದು ದಾರಿ ಇದೆ, ಅಂಗೈಯ ಹಾಗೆ ಸಪಾಟು, ಎರಡೂ ಕಡೆ ಗದ್ದೆ, ಜೋಳ, ಅನಾನಸು, ಏರು ಎಂಬ ಮಾತೇ ಇಲ್ಲ ಎಂದರು. ಆ ದಾರಿಯ ತುದಿಗೆ ಹೊಳೆ ತಿರುಗುವಲ್ಲಿ ಹಳೆಯ ಕಲ್ಲಿನ ಮೆಟ್ಟಿಲುಗಳಿವೆಯಂತೆ. ಅಲ್ಲಿಯವರೆಗೆ ಹೋಗಿ ಬರುವುದೆಂದು ನಿಶ್ಚಯ ಮಾಡಿದೆ.

ತಾನೂ ಬರುತ್ತೇನೆ ಎಂದಳು ನನ್ನ ಹೆಂಡತಿ ಶಾರದೆ.

ಅವಳ ತವರು ಸಿದ್ದಾಪುರ ತಾಲೂಕಿನ ಕಾನಸೂರಿನ ಕಡೆ. ಅಡಿಕೆ ಒಣಗಿಸುವ ಅಂಗಳದಲ್ಲಿ ಅಣ್ಣನ ಸೈಕಲ್ಲನ್ನು ಕದ್ದು, ಅಡ್ಡದಂಡದ ಕೆಳಗೆ ಕಾಲು ತೂರಿಸಿ ಒಳಪೆಡಲಿನಲ್ಲಿ ಕಲಿತವಳು. ಮದುವೆಯಾದ ಮೇಲೆ ಅವಳಿಗೆ ಸಿಕ್ಕಿದ್ದು ನನ್ನ ಸೈಕಲ್ಲಿನ ಕ್ಯಾರಿಯರು. ಆಮೇಲೆ ಸ್ಕೂಟರಿನ ಹಿಂದಿನ ಸೀಟು, ಆಮೇಲೆ ಕಾರಿನಲ್ಲಿ ನನ್ನ ಪಕ್ಕ. ಸ್ಥಾನಮಾನ ಏರುತ್ತಲೇ ಹೋಯಿತು ಎಂದು ನಾನು ತಿಳಿದಿದ್ದೆ. ಈಗ ನೋಡಿದರೆ ಮಗಳು ಹೈಸ್ಕೂಲಿಗೆ ಹೋಗುತ್ತಿದ್ದ ಸೈಕಲ್ಲನ್ನು ಅಟ್ಟದಿಂದ ಇಳಿಸಿ, ಎಣ್ಣೆ ಹಾಕಿ, ಸಂಜೆ ಹೊತ್ತು ಶಾಲೆಯ ಮೈದಾನದಲ್ಲಿ ಸುತ್ತು ಹೊಡೆಯತೊಡಗಿದ್ದಳು. ಆಗದಿದ್ದರೆ ಯಾವುದಾದರೂ ಟೆಂಪೋಕ್ಕೆ ಹಾಕಿಕೊಂಡು ಬಂದರಾಯಿತು ಎಂದು ನಾನು ಉದಾರನಾದೆ. ಅವಳು ಎಣ್ಣೆಯ ಕೈ ಒರೆಸಿಕೊಂಡು, 'ನಾನು' ಎನ್ನುವಲ್ಲಿ 'ಆನು' ಎನ್ನುವ ನಮ್ಮ ಮನೆಮಾತಿನಲ್ಲೇ ಹೇಳಿದಳು:

"ಹೊಳೆಮೆಟ್ಲವರೆಗೂ ಆನೇ ತುಳ್ಕಂಡು ಹೋಗ್ತೆ. ನಡುವೆ ಯನ್ನ ಗಾಡಿಗೆ ಹತ್ತಿಸಿದ್ರೆ ಮತ್ತೆ ಸೈಕಲ್ ಮುಟ್ಟತ್ನಿಲ್ಲೆ."

ಅವಳು ಆಣೆ ಭಾಷೆ ಹಾಕುವವಳಲ್ಲ, ಆದರೆ ಬಿಟ್ಟೆ ಎಂದರೆ ಬಿಟ್ಟಳೇ. ಚಹಾ ಬಿಟ್ಟು ಎಷ್ಟೋ ವರ್ಷವಾಯಿತು, ಇವತ್ತಿಗೂ ಮೂಸಿ ನೋಡಿಲ್ಲ. ಹಾಗಾಗಿ ಆ ದಿನ ಅವಳ ಮಟ್ಟಿಗೆ ಅದು ವಿಹಾರವಲ್ಲ, ಪರೀಕ್ಷೆಯೇ ಆಗಿತ್ತು.

ಬನವಾಸಿಯವರೆಗೂ ಜೊತೆಯಲ್ಲೇ ಇದ್ದೆವು. ಅಲ್ಲಿಂದ ಆಚೆ ದಾರಿ ಸಪಾಟಾದದ್ದೇ ತಡ, ನನಗೆ ಏನಾಯಿತೋ ಕಾಣೆ. ಜೀವಮಾನದಲ್ಲಿ ಮೊದಲ ಸಲ ಗೇರುಗಳು ಕೆಲಸಕ್ಕೆ ಬಂದವು. ಗಾಳಿ ಕಿವಿಯಲ್ಲಿ ಗುಂಯ್ ಎಂದಿತು, ವಯಸ್ಸು ಉದುರಿದಂತಾಯಿತು. ಆರಾಮಾಗಿ ಹೊಳೆ ನೋಡುತ್ತ ಹೋಗೋಣ ಎಂದು ಮನೆಯಲ್ಲಿ ಭಾಷಣ ಮಾಡಿದವನು ನಾನೇ. ಹೊಳೆ ಬಲಗಡೆ ಇತ್ತೋ ಎಡಗಡೆ ಇತ್ತೋ ಎಂದು ನೀವೀಗ ಕೇಳಿದರೆ ಹೇಳಲಾರೆ. ಒಂದು ಊರಿನ ಚಹಾದಂಗಡಿಯ ಮುಂದೆ ಇಳಿದು ತಿರುಗಿ ನೋಡಿದಾಗ ದಾರಿಯಲ್ಲಿ ಯಾರೂ ಇರಲಿಲ್ಲ.

ಅಂಗಡಿಯ ಪಕ್ಕ ಅನಾನಸು ತುಂಬಿದ ಟೆಂಪೋ ನಿಂತಿತ್ತು. ಅದರ ಯಜಮಾನ ಫಕ್ಕೀರಪ್ಪ ಎಂಬ ರೈತ ನನ್ನ ಚಡ್ಡಿಯನ್ನೂ ಹೆಲ್ಮೆಟ್ಟನ್ನೂ ಮರ್ಯಾದೆಯಿಂದ ನೋಡಿ, "ಒಬ್ರೇ ಬಂದೀರೇನ್ರಿ?" ಎಂದ.

ಇಲ್ಲಿ ನಮ್ಮ ಮನೆಮಾತಿನ ಒಂದು ಗುಟ್ಟು ಹೇಳಬೇಕು. ನಮ್ಮಲ್ಲಿ ಹೆಂಗಸರಿಗೆ 'ಅವಳು' ಎನ್ನುವ ರೂಢಿಯಿಲ್ಲ, 'ಅದು' ಎನ್ನುತ್ತೇವೆ. ಅಮ್ಮ ಬಂತು, ಅಕ್ಕ ಹೋತು, ಅತ್ತಿಗೆ ಉಂಡತ್ತು. ತಾತ್ಸಾರವಲ್ಲ, ಹೆಂಗಸರೂ ಹೆಂಗಸರನ್ನು ಹಾಗೇ ಕರೆಯುವುದು. ಪೇಟೆಯವರ ಎದುರು ಮಾತಾಡುವಾಗ ನಾವು ಉಳಿದದ್ದನ್ನೆಲ್ಲ ಪುಸ್ತಕದ ಕನ್ನಡಕ್ಕೆ ತಿರುಗಿಸಿಕೊಳ್ಳುತ್ತೇವೆ. ಏದುಸಿರು ಬರುತ್ತಿದ್ದರೆ ಮಾತ್ರ ಆ 'ಅದು' ಹಾಗೇ ಉಳಿದುಬಿಡುತ್ತದೆ. ನಾನು ಏದುಸಿರಿನಲ್ಲಿದ್ದೆ.

"ಇಲ್ಲ, ಅದು ಹಿಂದೆ ಉಳೀತು. ದಾರಿ ಮೇಲೇ ಎಲ್ಲಾದರೂ ಇರ್ತದೆ, ಎಲ್ಲಿಗೆ ಹೋಗ್ತದೆ" ಎಂದೆ.

ಫಕ್ಕೀರಪ್ಪ ಏನೋ ಎತ್ತಿ ಹಾಕಿಕೊಂಡು ಬರುವ ಮಾತಾಡಿದ. ಅನಾನಸಿನ ವಿಷಯವಿರಬೇಕೆಂದು ಹೂಂಗುಟ್ಟಿದೆ. ನನ್ನ ಗಮನ ನನ್ನದೇ ಸೈಕಲ್ಲಿನ ಫೋಟೋ ತೆಗೆಯುವುದರಲ್ಲಿತ್ತು. ಟೆಂಪೋ ನಾನು ಬಂದ ದಿಕ್ಕಿಗೇ ಹೊರಟುಹೋಯಿತು. ಚಹಾ ಮುಗಿಯಿತು, ಇನ್ನೊಂದು ಚಹಾವೂ ಮುಗಿಯಿತು. ಶಾರದೆ ಬರಲಿಲ್ಲ. ಆಗ ನನಗೆ ನಿಜಕ್ಕೂ ಭಯವಾಯಿತು, ಸುಳ್ಳು ಯಾಕೆ ಹೇಳಲಿ. ಹುಡುಕಲು ಹೊರಡೋಣವೆಂದು ಸೈಕಲ್ಲು ಎಳೆದರೆ ಹಿಂದಿನ ಗಾಲಿ ನೆಲಕ್ಕೆ ಅಂಟಿಕೊಂಡಿತ್ತು. ಜಾಲಿಮುಳ್ಳು. ಇಷ್ಟು ದಿನ ಹೇಳುತ್ತ ಬಂದ ಪಂಕ್ಚರ್ರು ಕೊನೆಗೂ ಆಗಿತ್ತು.

ಅತ್ತ ಏನಾಯಿತೆಂದು ಆಮೇಲೆ ಇಬ್ಬರೂ ಸೇರಿ ಹೇಳಿದರು. ಫಕ್ಕೀರಪ್ಪ ದಾರಿಯ ಎರಡೂ ಬದಿ ಕಣ್ಣಾಡಿಸುತ್ತ ಹೋಗಿದ್ದಾನೆ. ಸೈಕಲ್ಲಿನ ಮೇಲೆ ನಿಧಾನ ಬರುತ್ತಿದ್ದ ಹೆಂಗಸೊಬ್ಬಳನ್ನು ನಿಲ್ಲಿಸಿ, ಹೆಲ್ಮೆಟ್ ಹಾಕಿಕೊಂಡವರೊಬ್ಬರು ಸಾಮಾನು ಬಿಟ್ಟು ಬಂದಿದ್ದಾರೆ, ಎಲ್ಲಾದರೂ ಬಿದ್ದದ್ದು ಕಂಡಿತೇ ಎಂದು ಕೇಳಿದ್ದಾನೆ. ಏನು ಸಾಮಾನು ಎಂದಳಂತೆ ಶಾರದೆ. ಅದೇನೋ ಗೊತ್ತಿಲ್ಲ, 'ಅದು ಹಿಂದೆ ಉಳೀತು' ಅಂದರು ಎಂದನಂತೆ ಅವನು. ಅವಳು ಗದ್ದೆಯ ಕಡೆ ನೋಡಿ, "ಆ ಸಾಮಾನು ನಾನೇ" ಎಂದಳಂತೆ.

ಪಾಪ, ಫಕ್ಕೀರಪ್ಪ ನಾಲಿಗೆ ಕಚ್ಚಿಕೊಂಡು ಗಾಡಿ ಹತ್ತಿರೆಂದು ಕೈಮುಗಿದಿದ್ದಾನೆ. ಇವಳು ಒಲ್ಲೆ ಎಂದು ಪೆಡಲಿಗೆ ಕಾಲಿಟ್ಟಿದ್ದಾಳೆ. ಒಬ್ಬಳನ್ನೇ ಬಿಟ್ಟು ಬರಲು ಅವನಿಗೂ ಮನಸ್ಸಾಗಲಿಲ್ಲ. ಹೀಗಾಗಿ ಚಹಾದಂಗಡಿಯವರೆಲ್ಲ ಎದ್ದು ನಿಂತು ನೋಡಿದ್ದೇನೆಂದರೆ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಮಗಳ ಸೈಕಲ್ಲಿನ ಮೇಲೆ ನೆಟ್ಟಗೆ ಕೂತು ಬರುತ್ತಿರುವ ಶಾರದೆ. ಅವಳ ಹಿಂದೆ, ಮಂತ್ರಿಗಳ ಬೆಂಗಾವಲಿನ ಹಾಗೆ, ಒಂದು ಲೋಡು ಅನಾನಸು. ನನಗೆ ನಗು ಬರಬೇಕಿತ್ತು. ಹೆಲ್ಮೆಟ್ಟು ತೆಗೆದು ಕೈಯಲ್ಲಿ ಹಿಡಿದುಕೊಂಡೆ.

ಅವಳು ಇಳಿಯಲಿಲ್ಲ. ನನ್ನ ಗಾಲಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಮುಂದೆ ತುಳಿದುಕೊಂಡು ಹೋದಳು. ಗೇರಿನ ಸೈಕಲ್ಲಿನ ಟ್ಯೂಬು ಆ ಸೀಮೆಯಲ್ಲೆಲ್ಲೂ ಸಿಗುವಂತಿರಲಿಲ್ಲ. ಟೆಂಪೋದ ಮುಂದಿನ ಸೀಟಿನಲ್ಲಿ ಬುಟ್ಟಿಗಳಿದ್ದವು. ನನಗೂ ನನ್ನ ಸೈಕಲ್ಲಿಗೂ ಹಿಂದೆ ಅನಾನಸಿನ ಮೇಲೆ ಜಾಗವಾಯಿತು. ಮೆತ್ತೆಯ ಚಡ್ಡಿಯನ್ನು ಹೊಲಿದವರು ಅನಾನಸಿನ ಜುಟ್ಟನ್ನು ಕಂಡವರಲ್ಲ. ದಾರಿಯಲ್ಲಿ ಫಕ್ಕೀರಪ್ಪನಿಗೆ ಯಾರದೋ ಫೋನು ಬಂತು. "ಹೂಂ, ಸಾಮಾನು ಸಿಕ್ಕೈತಿ. ಎತ್ತಿ ಹಾಕ್ಕೊಂಡೀನಿ" ಎನ್ನುವುದು ನನಗೆ ಹಿಂದಿನಿಂದ ಚೆನ್ನಾಗಿ ಕೇಳಿಸಿತು.

ನಮ್ಮ ಟೆಂಪೋ ಮೆಟ್ಟಿಲು ಮುಟ್ಟುವಾಗ ಅವಳು ಆಗಲೇ ನೀರಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಮುಖ ಕೆಂಪಾಗಿತ್ತು. ಅಂಗಳದಲ್ಲಿ ಅಣ್ಣನ ಸೈಕಲ್ಲು ಕದ್ದ ಹುಡುಗಿ ಹೀಗೇ ಇದ್ದಿರಬೇಕು ಎನಿಸಿ ಹೆಮ್ಮೆಯಾಯಿತು. ಪಕ್ಕದಲ್ಲಿ ಕೂರೋಣವೆಂದರೆ ಕೂರುವ ಸ್ಥಿತಿಯಲ್ಲಿ ನಾನಿರಲಿಲ್ಲ. ನಿಂತುಕೊಂಡೇ, 'ಅದು' ಎಂದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ, ಬಾಯಿತಪ್ಪಿ ಬಂತು ಎಂದೆ. ಅವಳು ನೀರು ನೋಡುತ್ತಲೇ ಹೇಳಿದಳು:

"ಅದು ಅಂದಿದ್ದಕ್ಕೆ ಎಂತ ಬೇಜಾರೂ ಇಲ್ಲೆ, ಹುಟ್ಟಿದಾಗಿಂದ ಅದೇ ಆಗಿದ್ದೆ. ಹಿಂದೆ ಉಳತ್ತು ಅಂದ್ರಲ, ಅದಕ್ಕೆ ಬೇಜಾರು. ಆನು ಹಿಂದೆ ಉಳದ್ನಿಲ್ಲೆ. ಹೊಳೆ ನೋಡ್ತಾ ಬರ್ತಾ ಇದ್ದಿದ್ದೆ."

ಅವಳ ಸೈಕಲ್ಲು ಮತ್ತೆ ಅಟ್ಟಕ್ಕೆ ಹೋಗಲಿಲ್ಲ. ವರದೆಯ ದಂಡೆಗೆ ಆಮೇಲೆ ಎಷ್ಟೋ ಸಲ ಹೋಗಿದ್ದೇವೆ. ಹೊಳೆ ಹೋಗುವಾಗ ಎಡಗಡೆ ಸಿಗುತ್ತದೆ.

ಸಂತೆಯಲ್ಲಿ ಹಣ್ಣಿನಾಕೆ ಇನ್ನೂ ಉತ್ತರಕ್ಕೆ ಕಾಯುತ್ತಿದ್ದಳು. ತಿರುಗಿ ನೋಡಿದೆ. ಶಾರದೆ ದೂರದಲ್ಲಿ ಕುಂಬಾರರ ಗಡಿಗೆಗಳನ್ನು ಬಡಿದು ಸದ್ದು ಕೇಳುತ್ತ, ಕೊಳ್ಳುವ ಉದ್ದೇಶವಿಲ್ಲದೆ ಆರಾಮಾಗಿ ಬರುತ್ತಿದ್ದಳು.

"ಅದು ಬರ್ತಾ ಇದೆ" ಎಂದೆ. "ನಾನೇ ಮುಂದೆ ಬಂದುಬಿಟ್ಟೆ."