ಒಲೆ ಪಕ್ಕದ ಗೀರುಗಳು

ಕಳೆದ ಸೋಮವಾರ ಬೆಳಗ್ಗೆ ಎಂಟು ಗಂಟೆಗೆ, ಹಾಸನದ ನಮ್ಮ ಮನೆಯಲ್ಲಿ ನಾಲ್ಕು ವರ್ಷದಿಂದ ಪಾತ್ರೆ ತೊಳೆಯುತ್ತಿದ್ದ ಗಿರಿಜಮ್ಮನಿಗೆ ‘ನಾಳೆಯಿಂದ ಬರಬೇಡ’ ಎಂದು ಅಮ್ಮ ಹೇಳಿದರು. ಕಾರಣ, ಅಡುಗೆಮನೆಯ ಹೊಸ ಸ್ಟೀಲ್ ಕಟ್ಟೆಯ ಮೇಲೆ ಬಿದ್ದ ಗೀರುಗಳು.

ಕಟ್ಟೆಗೆ ಸ್ಟೀಲ್ ಶೀಟ್ ಹೊದಿಸಿ ಮೂರು ತಿಂಗಳಾಗಿತ್ತು. ಗ್ರಾನೈಟ್ ಸಾಕು ಎಂದಿದ್ದೆ ನಾನು. ಹೋಟೆಲಿನ ಹಾಗೆ ಫಳಫಳ ಎನ್ನಬೇಕೆಂಬುದು ಅಮ್ಮನ ಆಸೆ. (ನಮ್ಮಲ್ಲಿ ಅಮ್ಮನ ಆಸೆಗೂ ಆರ್ಡರಿಗೂ ವ್ಯತ್ಯಾಸ ಕಡಿಮೆ.)

“ಸ್ಟೀಲ್ ನಾರಲ್ಲಿ ಉಜ್ಜಬೇಡ ಅಂತ ಎಷ್ಟ್ ಸಲ ಬಡ್ಕೊಂಡೆ ನಿಂಗೆ?” ಎಂದರು ಅಮ್ಮ.

“ಕಟ್ಟೆಗೆ ನಾರು ಮುಟ್ಸೇ ಇಲ್ಲ ಕಣವ್ವ. ಬಟ್ಟೇಲಿ ಒರುಸ್ತೀನಿ ಅಷ್ಟೆ.”

“ಮತ್ತೆ ದೆವ್ವ ಬಂದು ಉಜ್ತಾ?”

“ಅಂಗಾರೆ ನಾಳೆಯಿಂದ ಪಾತ್ರೇನೂ ಅದ್ರ ಕೈಲೇ ತೊಳುಸ್ಕಳಿ,” ಎಂದು ಗಿರಿಜಮ್ಮ ಹೊರಟರು.

ನಾನು ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದೆ. ಎರಡೂ ಕಡೆಯವರನ್ನು ಕೇಳದೆ ಒಂದು ಸಾಲೂ ಬರೆಯಬೇಡಿ ಎಂದು ನಮ್ಮ ಪತ್ರಿಕೆಯ ಹೊಸ ವರದಿಗಾರರಿಗೆ ಹೇಳುವವನು, ಪುಟ ಮಗುಚಿದೆ.

ಸಂಜೆಗೆ ಬೀದಿಗೆಲ್ಲ ಗೊತ್ತಾಯಿತು. ಗಿರಿಜಮ್ಮ ಕೆಲಸಕ್ಕೆ ಹೋಗುವ ಮೂಲೆ ಮನೆಯಲ್ಲೂ ಸ್ಟೀಲ್ ಕಟ್ಟೆಯಿದೆ. ಅವರೂ ‘ಸದ್ಯಕ್ಕೆ ಬೇಡ’ ಎಂದರಂತೆ. ಅಡುಗೆಮನೆಯಲ್ಲಿ ಏನೇ ಕೆಟ್ಟರೂ ನಮಗೆ ಮೊದಲು ನೆನಪಾಗುವುದು ಕೆಲಸದವರ ಕೈಯೇ ಏಕೆ?

ಮಂಗಳವಾರ ಪಾತ್ರೆಗಳು ನನ್ನ ಪಾಲಿಗೆ ಬಂದವು. ಆಗ ಕಂಡಿತು, ಕಟ್ಟೆಯ ಜೊತೆಗೇ ಹಾಕಿಸಿದ ಸ್ಟೀಲ್ ಸಿಂಕಿನಲ್ಲಿ ಒಂದು ಗೀರೂ ಇಲ್ಲ. ದಿನಾ ಹೆಚ್ಚು ಉಜ್ಜಿಸಿಕೊಳ್ಳುವುದು ಅದೇ ಅಲ್ಲವೇ? ಗೀರುಗಳಿದ್ದದ್ದು ಒಲೆಯ ಎಡಕ್ಕೆ, ಅಂಗೈಯಗಲದ ಜಾಗದಲ್ಲಿ ಮಾತ್ರ. ಎಲ್ಲವೂ ಸುತ್ತು ಸುತ್ತಾಗಿ.

ಬುಧವಾರ ಬೇಗ ಎದ್ದೆ. ಅಮ್ಮ ಸ್ನಾನ ಮುಗಿಸಿ ಅಡುಗೆಮನೆಗೆ ಬಂದರು. ಒಲೆಯ ಪಕ್ಕದಲ್ಲಿದ್ದ ಹಿಂದಿನ ದಿನದ ಪುಟ್ಟ ರಂಗೋಲಿಯನ್ನು ಒಣ ಬಟ್ಟೆಯಿಂದ ಸುತ್ತಿ ಸುತ್ತಿ ಗಸಗಸ ಒರೆಸಿದರು. ಅದೇ ಜಾಗದಲ್ಲಿ ಹೊಸ ಎಳೆ ಬಿಟ್ಟು, ಕುಂಕುಮವಿಟ್ಟು, ಒಲೆಗೆ ಕೈಮುಗಿದರು.

ರಂಗೋಲಿ ಪುಡಿಯೆಂದರೆ ಕಲ್ಲಿನ ಪುಡಿ. ಸಿಮೆಂಟ್ ಕಟ್ಟೆಯ ಕಾಲದಿಂದ ಬಂದ ಅಭ್ಯಾಸ ಇದು. ಅಲ್ಲಿ ಗೀರು ಯಾರಿಗೆ ಕಾಣುತ್ತಿತ್ತು? ಸ್ಟೀಲಿಗಾದರೆ ಪುಡಿಯನ್ನು ಮೊದಲು ನೀರಿನಿಂದಲೇ ತೆಗೆಯಬೇಕು. ಆಮೇಲೆ ಮೆತ್ತನೆ ಬಟ್ಟೆ, ಒಂದು ತೊಟ್ಟು ಸೋಪು. ಶೀಟಿನಲ್ಲೇ ಇರುವ ನವಿರು ಗೆರೆ ಹೋದ ದಿಕ್ಕಿಗೇ ಕೈಯೂ ಹೋಗಬೇಕು. ಕೊನೆಗೆ ತೇವ ಉಳಿಯದಂತೆ ಒರೆಸಿದರೆ ಸಾಕು.

ಅಮ್ಮನಿಗೆ ತೋರಿಸಿದೆ. ಗೀರುಗಳ ಮೇಲೆ ಬೆರಳಾಡಿಸಿದರು. “ನಂದೇ ಕೈ ಕಣೋ,” ಎಂದರು. ಗಿರಿಜಮ್ಮನಿಗೆ ಫೋನ್ ಮಾಡಿಕೊಡಲು ಹೇಳಿದರು.

“ಗಿರಿಜಾ, ತಪ್ಪು ನಂದೇ ಕಣೆ. ರಂಗೋಲಿ ಒರೆಸಿ ಒರೆಸಿ ನಾನೇ ಗೀರಿದೀನಿ. ನಾಳೆ ಬಂದ್ಬಿಡು.”

ಸ್ಪೀಕರಿನಲ್ಲಿ ಗಿರಿಜಮ್ಮನ ದನಿ ಸ್ಪಷ್ಟವಾಗಿತ್ತು. “ನನ್ನತ್ರ ಏಳಿದ್ರೆ ಏನ್ ಬಂತವ್ವ? ನಾ ಮಾಡಿಲ್ಲ ಅಂತ ನಂಗೆ ಗೊತ್ತೇ ಇತ್ತಲ್ಲ. ಮೂಲೆ ಮನೆ ಅಕ್ಕಾರ್ಗೆ ಏಳಿ. ಆಮೇಲ್ ಬತ್ತೀನಿ.”

ಗುರುವಾರ ಸಂಜೆ ಐದೂವರೆಗೆ ಅಮ್ಮ ಸೀರೆ ಬದಲಿಸಿ, ಒಬ್ಬರೇ ನಡೆದು ಹೋಗಿ, ಮೂಲೆ ಮನೆಯ ಬೆಲ್ ಒತ್ತಿದರು.